ನನ್ನ ಸೊಂಟದ ಬೀಗದ ಕೈ ಗೊಂಚಲು

ನನ್ನ ತಮ್ಮನಿಗೆ ಕಣ್ಣು ಕಾಣುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನು ನಂಬುವುದಿಲ್ಲ. ಕುಮಾರಸ್ವಾಮಿ ಲೇಔಟಿನ ಅವನ ಮನೆಯಲ್ಲಿ ಅವನಿಗೆ ಗೊತ್ತಾಗದಂತೆ ಒಂದು ಕೋಡುಬಳೆ ತಿಂದು ತೋರಿಸಿ, ನೋಡೋಣ!

ಅವನ ಹೆಂಡತಿ ಮತ್ತೆ ಕೆಲಸಕ್ಕೆ ಸೇರಬೇಕಿತ್ತು. ಎರಡು ವರ್ಷದ ಮಗಳನ್ನು ಹಗಲೆಲ್ಲ ಇವನೊಬ್ಬನ ಕೈಗೆ ಬಿಡಬಹುದೇ? "ಅತ್ತಿಗೆ, ಒಂದು ವಾರ ಇದ್ದು ನೋಡಿ. ನೀವು ಬೇಡ ಅಂದ್ರೆ ಕೆಲಸಾನೇ ಬಿಡ್ತೀನಿ" ಎಂದಳು. ನಾನು ನಿವೃತ್ತ ಹಾಸ್ಟೆಲ್ ವಾರ್ಡನ್. ಗಂಟೆ ಹೊಡೆಯದಿದ್ದರೆ ನನಗೆ ಹಸಿವೂ ಆಗುವುದಿಲ್ಲ. ತಪಾಸಣೆಗೆ ನನಗಿಂತ ಯೋಗ್ಯರು ಯಾರು?

ಹೋದೊಡನೆ ತಮ್ಮ ದಪ್ಪನೆಯ ಬೀಗದ ಕೈ ಗೊಂಚಲೊಂದನ್ನು ನನ್ನ ಕೈಗಿಟ್ಟ. "ಅಕ್ಕ, ಮನೆ ಯಜಮಾನಿಕೆ ಇನ್ನು ನಿಂದೇ. ಸೊಂಟಕ್ಕೆ ಸಿಗಿಸ್ಕೊ." ನಾನು ಉಬ್ಬಿಹೋದೆ.

ಕಾಲುಚೀಲಗಳಿಗೆ ಜೋಡಿಜೋಡಿಯಾಗಿ ಪಿನ್ನು ಚುಚ್ಚಿ ಒಗೆಯುತ್ತಾನೆ. ಉಪ್ಪಿನ ಡಬ್ಬಕ್ಕೆ ರಬ್ಬರ್ ಬ್ಯಾಂಡು, ಮಗಳ ಕಾಲಿಗೆ ಗೆಜ್ಜೆ. ಇಷ್ಟು ಶಿಸ್ತು ನನ್ನ ಹಾಸ್ಟೆಲಿನಲ್ಲೂ ಇರಲಿಲ್ಲ. ನಾನು ಕೋಡುಬಳೆ ಡಬ್ಬದ ಹತ್ತಿರ ಸುಳಿದರೆ ಸಾಕು, ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದವನು ಅಲ್ಲಿಂದಲೇ, "ಊಟಕ್ಕೆ ಮುಂಚೆ ಬೇಡ ಅಕ್ಕ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಬೀರು ತೆಗೆಯಲು ಹೋದೆ. ಗೊಂಚಲಿನ ಒಂದು ಕೈಯೂ ಹೊಂದಲಿಲ್ಲ. ಮನೆಯ ಬೀಗಗಳಿಗೆಲ್ಲ ತುರುಕಿ ನೋಡಿದೆ. ಊಹೂಂ.

"ಇವು ಯಾವ ಬೀಗದ್ದೋ?"

"ಯಾವ್ದೂ ಅಲ್ಲ. ಗುಜರಿಯವನ ಹತ್ರ ತಂದಿದ್ದು. ಮಗಳಿಗೆ ಗೆಜ್ಜೆ, ನಿಂಗೆ ಬೀಗದ ಕೈ."

"ನನ್ನೇನು ಹಸು ಅನ್ಕೊಂಡ್ಯಾ?"

"ಹಸು ಕೋಡುಬಳೆ ಕದಿಯಲ್ಲ ಅಕ್ಕ."

ನನ್ನ ಯಜಮಾನಿಕೆ ಅಲ್ಲಿಗೆ ಮುಗಿಯಿತು. ಗೊಂಚಲನ್ನು ಕಿತ್ತು ಮೇಜಿನ ಮೇಲೆ ಕುಕ್ಕಿದೆ. ಆಗಲೇ ಹೊಳೆದದ್ದು, ಮಗುವಿನ ಗೆಜ್ಜೆಯ ಸದ್ದೂ ಇಲ್ಲ. ಮಂಚದ ಕೆಳಗೆ, ಬಚ್ಚಲಲ್ಲಿ, ವಾಷಿಂಗ್ ಮೆಷಿನ್ನಿನ ಹಿಂದೆ, ಕೂಗುತ್ತಾ ಓಡಾಡಿದೆ. ಎಲ್ಲೂ ಇಲ್ಲ.

"ಅಕ್ಕ, ಸ್ವಲ್ಪ ಸುಮ್ನಿರು. ನಿನ್ನ ಗಲಾಟೇಲಿ ಅವಳು ಕೇಳ್ಸಲ್ಲ."

ನಾನು ಬಾಯಿ ಮುಚ್ಚಿದೆ. ಅವನು ತಲೆ ವಾಲಿಸಿ ನಿಂತ. ನನಗೆ ಗಡಿಯಾರದ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅವನು ನೇರವಾಗಿ ಕಿಟಕಿಯ ಪರದೆಯತ್ತ ನಡೆದ. "ಇಲ್ಲಿ ಯಾರೋ ನಗು ತಡ್ಕೊಂಡು ನಿಂತಿದಾರೆ" ಎಂದು ಪರದೆ ಸಮೇತ ಮಗಳನ್ನು ಎತ್ತಿಕೊಂಡ. ತಡೆದ ನಗು ಭೋರೆಂದು ಸುರಿಯಿತು.

ಸಂಜೆ ನಾದಿನಿಗೆ ಹೇಳಿದೆ: "ಧೈರ್ಯವಾಗಿ ಹೋಗಮ್ಮ. ಈ ಮನೇಲಿ ಕಾಯ್ಬೇಕಾಗಿರೋದು ನನ್ನನ್ನ ಮಾತ್ರ."

ಹೊರಡುವ ದಿನ ಗೊಂಚಲನ್ನು ಹಿಂದಿರುಗಿಸಲು ಹೋದೆ. ಅವನು ನನ್ನ ಬೆರಳುಗಳನ್ನು ಅದರ ಮೇಲೆಯೇ ಮಡಚಿದ.

"ಇಟ್ಕೊ ಅಕ್ಕ. ಮತ್ತೆ ನೀನು ಬಂದಾಗ ಗೇಟಲ್ಲೇ ಗೊತ್ತಾಗ್ಲಿ."

ಗಿರಿನಗರದ ನನ್ನ ಮನೆಗೆ ಮರಳುವ ಬಸ್ಸಿನಲ್ಲಿ ಹಳ್ಳ ಬಂದಾಗಲೆಲ್ಲ ನನ್ನ ಸೊಂಟ ಘಲ್ಲೆನ್ನುತ್ತಿತ್ತು. ಜನ ತಿರುಗಿ ನೋಡಿದರು. ನಾನು ತೆಗೆಯಲಿಲ್ಲ.