ಬೆಳಕಿನ ವೇಗದ ಮಿದುಳುಗಳು

ಟೈಪ್ ಮಾಡುವವನಿಗೆ ಅರ್ಥ ಬೇಕಾಗಿಲ್ಲ, ಬೆರಳಿದ್ದರೆ ಸಾಕು ಎಂದು ಬಹಳ ವರ್ಷ ನಂಬಿದ್ದವನು ನಾನು. ಧಾರವಾಡದ ನನ್ನ ಟೈಪಿಂಗ್ ಅಂಗಡಿಯಲ್ಲಿ ವರ್ಗಾವಣೆಯ ಅರ್ಜಿ, ಕೋರ್ಟಿನ ಕಾಗದ, ಎಲ್ಲವೂ ಕಣ್ಣಿನಿಂದ ನೇರ ಬೆರಳಿಗಿಳಿಯುತ್ತಿದ್ದವು. ತಲೆಗೆ ತೊಂದರೆ ಕೊಡುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಒಮ್ಮೆ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಶಾಹೀನ್ ಮೇಡಂ ಏಳು ವರ್ಷ ದುಡಿದು ಬರೆದ ಪಿಎಚ್.ಡಿ. ಪ್ರಬಂಧ ತಂದುಕೊಟ್ಟರು. ಅಲ್ಲಿಂದ ಈ ವ್ಯವಸ್ಥೆ ಕೆಟ್ಟಿತು.

“ಇದು ಯಾವುದರ ಮ್ಯಾಲಿಂದರಿ?” ಎಂದೆ.

“ವಿಶ್ವ ಹುಟ್ಟಿದಾಗ ಉಳಕೊಂಡಿರಬಹುದಾದ ಎಳಿಗಳ ಮ್ಯಾಲರಿ, ಕಾಕಾ. ಅಣುಕಿಂತ ಸಣ್ಣ, ಆಕಾಶದಷ್ಟು ಉದ್ದ. ಒಂದು ಗೇಣು ತುಂಡು ಗುಡ್ಡಕ್ಕಿಂತ ಭಾರ.”

“ನೋಡೀರೇನ್ರಿ?”

“ಇನ್ನೂ ಯಾರೂ ನೋಡಿಲ್ರಿ.”

ಅಂದಿನಿಂದ ನಾನು ನೋಡತೊಡಗಿದೆ. ಟೈಪ್‌ರೈಟರಿನಲ್ಲಿಲ್ಲದ ಗ್ರೀಕ್ ಅಕ್ಷರಗಳನ್ನು ಮೇಡಂ ಕೈಯಿಂದ ಬರೆಯಲೆಂದು ಜಾಗ ಬಿಡುತ್ತಿದ್ದೆನಲ್ಲ, ಆ ಖಾಲಿ ಜಾಗಗಳಲ್ಲೇ ನನ್ನ ಮನಸ್ಸು ಜಾರುತ್ತಿತ್ತು. ಸುರುಳಿಯಾದ ಎಳೆ ತುಯ್ದಾಡುತ್ತ, ಆಕಾಶದಲ್ಲೇ ಅಲೆಯೆಬ್ಬಿಸುತ್ತ, ಕೊನೆಗೆ ತಾನೇ ಕರಗಿಹೋಗುತ್ತದಂತೆ. ಸಂಜೆ ಕೆಲಗೇರಿ ಕೆರೆಯ ದಂಡೆಯಲ್ಲಿ ಕೂತು ಅದನ್ನೇ ಧ್ಯಾನಿಸುತ್ತಿದ್ದೆ. “ಕಾಯಿಪಲ್ಲೆ ಎಲ್ರಿ?” ಎಂದು ಮನೆಯಲ್ಲಿ ಹೆಂಡತಿ ಕೇಳಿದಾಗಲೇ ಭೂಮಿಗಿಳಿಯುವುದು.

ನಾಲ್ಕನೇ ಅಧ್ಯಾಯದಲ್ಲಿ ಎಳೆಯ ಬದಲು ಅಗಲವಾದ ಪೊರೆ ಬಂತು. ಅದಕ್ಕೆ ಇಂಗ್ಲಿಷಿನಲ್ಲಿ, ‘ಮೆಂಬ್ರೇನ್’ ಪದದ ತುಂಡು ಹಿಡಿದು, ‘ಬ್ರೇನ್’ (brane) ಎನ್ನುತ್ತಾರೆ. ಪಾಪ, ಮೇಡಂಗೆ ಸ್ಪೆಲಿಂಗು ಬಾರದು ಎಂದುಕೊಂಡು, ಮಿದುಳಿಗೆ ಬರೆಯುವ ಬ್ರೇನ್ ಮಾಡಿ ನಾನೇ ಅಧ್ಯಾಯದುದ್ದಕ್ಕೂ ತಿದ್ದಿದೆ.

ಸಲ್ಲಿಸಲು ನಾಲ್ಕೇ ದಿನ ಉಳಿದಾಗ ಮೇಡಂ ಬಂದು ಓದಿದರು.

“ಕಾಕಾ, ಇದರ ಪ್ರಕಾರ ಮಿದುಳು ಬೆಳಕಿನ ವೇಗದಾಗ ಓಡಾಕತ್ತಾವಲ್ರಿ.”

“ನಂದೊಂದು ಓಡಲಿಲ್ಲ ನೋಡ್ರಿ” ಎಂದೆ. ಅವರು ನಕ್ಕರೋ ಅತ್ತರೋ ಇವತ್ತಿಗೂ ತಿಳಿಯದು.

ಇಡೀ ಅಧ್ಯಾಯ ಮತ್ತೆ ಟೈಪಾಗಬೇಕಿತ್ತು. ಅವರು ಪಕ್ಕದಲ್ಲಿ ಕೂತು ಸಾಲುಸಾಲು ಓದಿ ಹೇಳಿದರು, ನಾನು ತಲೆ ತಗ್ಗಿಸಿ ಒತ್ತಿದೆ. ಎರಡನೆಯ ದಿನ ಒಂದು ಸಮೀಕರಣದ ಎದುರು ಅವರ ದನಿ ನಿಂತಿತು.

“ಇಲ್ಲೆ ಕಾಲದ ಮುಂದ ಮೈನಸ್ ಇರಬೇಕಿತ್ತು. ನನ್ನ ಕೈಬರಹದಾಗೇ ಇಲ್ಲರಿ. ಹತ್ತು ಸಲ ಓದೇನಿ, ಕಂಡಿಲ್ಲ.”

ನನ್ನ ಬೆಂಚಿನ ಮೇಲೇ ಕೂತು ಎರಡು ಪುಟದ ಲೆಕ್ಕ ಹೊಸದಾಗಿ ಮಾಡಿದರು. ಚಹಾ ತರಿಸಿದೆ, ಆರಿಹೋಯಿತು. ಕೊನೆಗೆ ತಲೆಯೆತ್ತಿ, “ಬಚಾವಾದ್ವಿ” ಎಂದರು. ಆ ‘ವಿ’ಯಲ್ಲಿ ನಾನೂ ಸೇರಿದ್ದೆನೆಂದು ನನ್ನ ಲೆಕ್ಕ.

ಪ್ರಬಂಧ ಹೊತ್ತಿಗೆ ಸರಿಯಾಗಿ ಹೋಯಿತು, ಪದವಿಯೂ ಬಂತು. ಕೃತಜ್ಞತೆಯ ಪುಟದಲ್ಲಿ, ‘ಇವರ ತಪ್ಪಿನಿಂದ ನನ್ನ ತಪ್ಪು ಸಿಕ್ಕಿತು’ ಎಂದು ಮೇಡಂ ನನ್ನ ಹೆಸರು ಬರೆದಿದ್ದರು. ಅದನ್ನು ಟೈಪ್ ಮಾಡುವಾಗ ಕಣ್ಣು ಮಂಜಾಗಿತ್ತು. ಈಗಲೂ ಆ ಪುಟದ ಕಾರ್ಬನ್ ಪ್ರತಿಯನ್ನು ಬಂದವರಿಗೆಲ್ಲ ತೋರಿಸುತ್ತೇನೆ. ಹೆಸರಿನಲ್ಲೊಂದು ಅಕ್ಷರ ಬಿಟ್ಟುಹೋಗಿರುವುದರಿಂದ, ಅದು ನಾನೇ ಎಂದು ಮಾತ್ರ ಯಾರೂ ನಂಬುವುದಿಲ್ಲ.