ಮನಾಲಿಗೆ ಒಂದು ಖಾಲಿ ಸೀಟು

ನಿಜಗುಣಪ್ಪ ಮಾಸ್ತರರ ಕಾರಿನ ಹಿಂದಿನ ಸೀಟು ಖಾಲಿ ಇದ್ದದ್ದೇ ಆವತ್ತಿನ ಸಕಲ ಅನಾಹುತಗಳಿಗೂ ಮೂಲ. ಆ ಸೀಟಿನ ಮೇಲೆ ಒಂದು ಗೋಧಿ ಚೀಲವನ್ನೋ ಹಳೆಯ ಗಾದಿಯನ್ನೋ ಹೇರಿಕೊಂಡು ಹೊರಟಿದ್ದರೆ, ಈಗ ಅವರು ಹೆಂಡತಿಯ ಜೊತೆ ಬಿಯಾಸ್ ನದಿಯ ದಂಡೆಯ ಮೇಲೆ ಕುಳಿತು ಚಹಾ ಕುಡಿಯುತ್ತಿರುತ್ತಿದ್ದರು.

ಮಾಸ್ತರರು ಬೈಲಹೊಂಗಲದ ಕಾಲೇಜೊಂದರಲ್ಲಿ ಭೂಗೋಳ ಕಲಿಸುವವರು. ವರ್ಷವರ್ಷವೂ ಕರಿಹಲಗೆಯ ತುಂಬ ಹಿಮಾಲಯ ಬರೆದು, ಗಂಟೆ ಹೊಡೆದ ಕೂಡಲೇ ಒರೆಸಿ ಬರುತ್ತಿದ್ದರು. ಅಂಗಿಯ ತೋಳಿಗೆ ಹತ್ತುತ್ತಿದ್ದ ಸುಣ್ಣದ ಪುಡಿಯೇ ಅವರು ಕಂಡ ಹಿಮ. ಈ ದಸರಾ ರಜೆಗೆ ಮಾತ್ರ ಅವರು ಗಟ್ಟಿ ಮನಸ್ಸು ಮಾಡಿದ್ದರು. ಚಂಡೀಗಡದವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು, ಸ್ಟೀರಿಂಗು ತಮ್ಮ ಕೈಯಲ್ಲೇ. ಚಂದ ಕಂಡಲ್ಲಿ ನಿಲ್ಲುವುದು, ಮನಸ್ಸು ಬಂದಾಗ ಹೊರಡುವುದು, ನದಿಯ ಗುಂಟ ಹೋಗಿ ಮನಾಲಿ ಮುಟ್ಟುವುದು. ಅದೂ ಇಬ್ಬರೇ.

ಈ ‘ಇಬ್ಬರೇ’ ಎಂಬುದಕ್ಕೆ ದೊಡ್ಡ ಹಿನ್ನೆಲೆಯಿದೆ. ಮದುವೆಯಾದ ಹೊಸದರಲ್ಲಿ ಮಾಸ್ತರರು ಹೆಂಡತಿಯನ್ನು ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೊರಟಾಗ ತಾಯಿ, ಅತ್ತೆ, ಸೋದರಮಾವ, ಭಾವಮೈದುನರೆಲ್ಲ ಜೀಪು ಹತ್ತಿ ಕುಳಿತಿದ್ದರು. ಆವತ್ತಿನ ಫೋಟೋದಲ್ಲಿ ಮದುಮಕ್ಕಳು ಯಾರು ಎಂಬುದನ್ನು ಇವತ್ತಿಗೂ ಬೆರಳಿಟ್ಟು ತೋರಿಸಬೇಕು. ಅಂದಿನಿಂದ ಇಂದಿನವರೆಗೆ ಇಬ್ಬರೇ ಕೂಡಿ ಕಂಡ ದೂರದ ಊರೆಂದರೆ ಧಾರವಾಡದ ಹಲ್ಲಿನ ದವಾಖಾನೆ.

ಹೆಂಡತಿ ಶೈಲಜಾಳಿಗೂ ಹೋಗುವ ಆಸೆಯೇನೋ ಇತ್ತು, ಗಂಡನ ಡ್ರೈವಿಂಗ್ ಮೇಲೆ ನಂಬಿಕೆ ಇರಲಿಲ್ಲ. ಎರೆಭೂಮಿಯ ಸಪಾಟು ರಸ್ತೆಯಲ್ಲಿ ಬಿಟ್ಟರೆ ಮಾಸ್ತರರು ಎಲ್ಲೂ ಕಾರು ಓಡಿಸಿದವರಲ್ಲ. ಬೆಳಗಾವಿಯ ಮೇಲ್ಸೇತುವೆ ಹತ್ತಿದಾಗಲೂ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಹೀಗಾಗಿ ಒಂದು ಪರೀಕ್ಷೆ ಇಟ್ಟಳು.

“ಯಲ್ಲಮ್ಮನ ಗುಡ್ಡ ಹತ್ತಿ ಇಳದ ತೋರಸ್ರಿ. ನಾ ಒಂದ ಸರ್ತಿನೂ ಕಣ್ಣ ಮುಚ್ಚಲಿಲ್ಲಂದ್ರ ಹಿಮಾಲಯಕ್ಕ ಬರತೇನಿ. ಮುಚ್ಚಿದ್ನೋ, ಮನ್ಯಾಗ ಕುಂತ ಟೀವಿಯೊಳಗ ನೋಡೂಣು.”

ಮಾಸ್ತರರು ಒಪ್ಪಿದರು. ಓಣಿಗೆ ಸುದ್ದಿ ಹತ್ತಬಾರದೆಂದು ರವಿವಾರ ನಸುಕಿನಲ್ಲೇ ಎದ್ದು, ಸದ್ದಿಲ್ಲದೆ ಕಾರಿನ ಗಾಜು ಒರೆಸತೊಡಗಿದರು. ಅದೇ ತಪ್ಪಾಯಿತು. ಮಾಸ್ತರರು ಗಾಜು ಒರೆಸಿದ್ದನ್ನು ಆ ಓಣಿ ಹಿಂದೆಂದೂ ಕಂಡಿರಲಿಲ್ಲ. ಬಾಜೂ ಮನೆಯ ಸುಂದರವ್ವ ಕಸಬರಿಗೆ ಹಿಡಿದುಕೊಂಡೇ ಹೊರಗೆ ಬಂದು ಎಲ್ಲಿಗೆ ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮಾಸ್ತರರ ಬಾಯಿಂದ ಗುಡ್ಡಕ್ಕೆ ಎಂಬ ಮಾತು ಜಾರಿಬಿಟ್ಟಿತು.

ಆ ಓಣಿಯಲ್ಲಿ ಚಕ್ಕಡಿಯ ಕಾಲದಿಂದ ನಡೆದುಬಂದ ಒಂದು ಪದ್ಧತಿಯಿದೆ. ಯಲ್ಲಮ್ಮನ ಗುಡ್ಡಕ್ಕೆ ಹೊರಟ ಗಾಡಿಯಲ್ಲಿ ಜಾಗ ಖಾಲಿ ಒಯ್ಯಬಾರದು. ತಾಯಿಯ ಕಡೆಗೆ ಬರುವವರನ್ನು ಬಿಟ್ಟು ಬಂದ ಪಾಪ ಗಾಡಿಯವನ ತಲೆಗೆ ಬರುತ್ತದಂತೆ. ಮಾಸ್ತರರು ಒಳಗೆ ಹೋಗಿ ಕೀಲಿ ಹುಡುಕಿ ತರುವಷ್ಟರಲ್ಲಿ ಹಿಂದಿನ ಸೀಟು ಭರ್ತಿಯಾಗಿತ್ತು. ಭಂಡಾರದ ಅರಿಶಿನ ತುಂಬಿದ ದೇವಿಯ ಪಡ್ಡಲಗಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ ಸುಂದರವ್ವ, ಹೋಳಿಗೆಯ ಬುತ್ತಿ ಹಿಡಿದ ಎದುರು ಮನೆಯ ಇಂದ್ರವ್ವ, ಇಬ್ಬರ ನಡುವೆ ಕಾಶಿಂಬಿ. ಕಾಶಿಂಬಿಯ ತಂಗಿಯದು ಗುಡ್ಡದ ಕೆಳಗಿನ ಉಗರಗೋಳದಲ್ಲಿ ಬಳೆಯಂಗಡಿ. ಮಗ ತೌಹೀದ ಹಿಂದೆ ಸೇಬಿನ ಲಾರಿ ಹೊಡೆಯುತ್ತಿದ್ದವನು, ಈಗ ಟೆಂಪೋ ಟ್ರಾವೆಲರ್ ಇಟ್ಟುಕೊಂಡು ಗುಡ್ಡಕ್ಕೆ ಭಕ್ತರನ್ನು ಒಯ್ಯುತ್ತಾನೆ. ಆದರೆ ಅವನ ಗಾಡಿಯಲ್ಲಿ ಆವತ್ತು ಯಾರದೋ ಬೀಗರು ತುಂಬಿದ್ದರಿಂದ ತಾಯಿಗೇ ಜಾಗವಿರಲಿಲ್ಲ.

ಶೈಲಜಾ ಮುಂದಿನ ಸೀಟಿನಲ್ಲಿ ಕುಳಿತು ಗಂಡನ ಮುಖ ನೋಡಿದಳು. ಹೇರು ಹೆಚ್ಚಾದರೆ ಪರೀಕ್ಷೆಯೂ ಗಟ್ಟಿಯಾಗುತ್ತದೆ ಎಂದು ಮೆಲ್ಲಗೆ ಹೇಳಿದಳು.

ಊರು ದಾಟುವುದರೊಳಗೆ ಇಂದ್ರವ್ವನಿಗೆ ಮುರಗೋಡದ ಅಕ್ಕನ ನೆನಪಾಯಿತು. ಅವಳಿಗೆ ಹೋಳಿಗೆ ಕೊಟ್ಟು ಹೋಗಬೇಕೆಂದು ಕಾರು ಆ ಕಡೆಗೆ ತಿರುಗಿತು. ಅಲ್ಲಿ ಚಹಾ ಆಯಿತು, ಚಹಾದ ಮೇಲೆ ಅವಲಕ್ಕಿ ಆಯಿತು, ಅಕ್ಕನ ಮೊಣಕಾಲಿನ ಬೇನೆಯ ಪೂರ್ಣ ಚರಿತ್ರೆ ಆಯಿತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವರು ಸವದತ್ತಿ ದಾಟಿ ಗುಡ್ಡದ ಬುಡ ಮುಟ್ಟಿದರು.

ಏರು ಶುರುವಾಯಿತು. ಮೊದಲನೆಯ ತಿರುವಿನಲ್ಲೇ ಎದುರಿಗೆ ಬಸ್ಸು ಬಂದು, ಮಾಸ್ತರರ ಕಾರು ಗಕ್ಕನೆ ನಿಂತು ಬಂದ್ ಬಿತ್ತು. ಹಿಂದೆ ಕಬ್ಬಿನ ಟ್ರ್ಯಾಕ್ಟರು ಹಾರ್ನು ಹೊಡೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಸುಂದರವ್ವ, ಇಂದ್ರವ್ವ ಕೂಡಿ ಉಧೋ ಉಧೋ ಎಂದು ತಾಯಿಯನ್ನು ಕರೆದರು, ಕಾಶಿಂಬಿ ತನ್ನ ದೇವರನ್ನು ಕರೆದಳು. ಮಾಸ್ತರರು ಬೆವರು ಒರೆಸಿಕೊಂಡು, ಹ್ಯಾಂಡ್‌ಬ್ರೇಕು ಹಿಡಿದು, ಕ್ಲಚ್ಚನ್ನು ಇಷ್ಟಿಷ್ಟೇ ಬಿಟ್ಟು ಎತ್ತಿದರೆ ನೋಡಿ, ಕಾರು ಒಂದು ಅಂಗುಲವೂ ಹಿಂದೆ ಸರಿಯದೆ ಬೆಣ್ಣೆಯ ಮೇಲೆ ಜಾರಿದಂತೆ ಮೇಲೇರಿತು. ಮಾಸ್ತರರು ಓರೆಗಣ್ಣಿನಿಂದ ಹೆಂಡತಿಯನ್ನು ನೋಡಿದರು. ಶೈಲಜಾಳ ಎರಡೂ ಕಣ್ಣು ತೆರೆದಿದ್ದವು. ಮದುವೆಯ ದಿನ ಕೂಡ ಅವರಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಗುಡ್ಡದ ಮೇಲೆ ಕಾರು ನಿಲ್ಲಿಸಿ ಇನ್ನೇನು ಎಲ್ಲರೂ ಇಳಿಯಬೇಕು, ಅಷ್ಟರಲ್ಲಿ ಮಾಸ್ತರರ ಫೋನು ರಿಂಗಾಯಿತು. ಕಾರಿನ ಸ್ಪೀಕರಿಗೆ ಜೋಡಿಸಿದ್ದ ಫೋನು. ಟ್ರಾವೆಲ್ಸ್‌ನವನ ದನಿ ನಾಲ್ಕೂ ಬಾಗಿಲುಗಳಿಂದ ಮೊಳಗಿತು.

“ಸರ, ಮನಾಲಿ ಹೋಟೆಲ್ನ್ಯಾಗ ನಿಮ್ಮಿಬ್ಬರ ಖೋಲಿ ಹಿಡದ ಇಟ್ಟೇನ್ರಿ. ಕಿಡಕಿ ತಗದ್ರ ಹಿಮಾ ಕಾಣತೈತಿ. ಬಾಜೂಕ ಇನ್ನೆರಡ ಖೋಲಿ ಖಾಲಿ ಅದಾವ. ನಿಮ್ಮ ಪೈಕಿ ಯಾರರ ಬರವರಿದ್ರ ಹೇಳ್ರಿ.”

ಹಿಂದಿನ ಸೀಟಿನ ಮೂವರೂ ಇಳಿಯುವುದನ್ನು ಬಿಟ್ಟು ಮುಂದೆ ಬಾಗಿದರು. ಆಮೇಲೆ ಸುಂದರವ್ವ ಮನಾಲಿ ಎಲ್ಲಿದೆ ಎಂದು ಕೇಳಿದರು. ಹಿಮಾಲಯ ಎಂದು ಶೈಲಜಾಳೇ ಹೇಳಿಬಿಟ್ಟಳು.

ದೇವಿಯ ದರ್ಶನ ಮುಗಿಸಿ, ಪಡ್ಡಲಗಿ ತುಂಬಿಸುವ ಶಾಸ್ತ್ರ ಮಾಡಿ, ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಮನಾಲಿಯ ಪ್ರವಾಸ ಓಣಿಯ ಪಾಲಾಗಿತ್ತು. ಅಲ್ಲಿ ರೊಟ್ಟಿ ಸಿಗುವುದಿಲ್ಲವೆಂದು ತೀರ್ಮಾನಿಸಿ ಖಡಕ್ ರೊಟ್ಟಿ ಬಡಿಯುವ ಕೆಲಸವನ್ನು ಇಂದ್ರವ್ವ ವಹಿಸಿಕೊಂಡಳು. ಶೇಂಗಾ ಹಿಂಡಿ ಕಾಶಿಂಬಿಯದು. ಮಾಸ್ತರರು ಸಣ್ಣ ದನಿಯಲ್ಲಿ, ಅಲ್ಲಿ ಬಾಡಿಗೆಗೆ ತೆಗೆದುಕೊಳ್ಳುವುದು ಚಿಕ್ಕ ಕಾರು ಎಂದರು.

“ಚಿಕ್ಕದಾದ್ರೂ ಹಿಂದ ಸೀಟ ಇರತೈತಲ್ರಿ ಮಾಸ್ತರ,” ಎಂದರು ಸುಂದರವ್ವ. “ಅಷ್ಟ ದೂರ ಖಾಲಿ ಯಾಕ ಒಯ್ತೀರಿ? ನೀವು ಏರಸಿದ್ದ ನೋಡೀವಿ ನಾವು. ಇಷ್ಟ ನಿಗಾದ್ಲೆ ಹೊಡ್ಯಾವ್ರ ಇದ್ರ ನಾ ಕೈಲಾಸಕ್ಕೂ ಬರತೇನಿ. ಫ್ರಿಜ್ಜಿನ್ಯಾಗಿನ ಬರ್ಫ ಬಿಟ್ರ ನಾ ಹಿಮಾನ ಮುಟ್ಟಿಲ್ಲ ನೋಡ್ರಿ. ಸಾಯೂದ್ರಾಗ ಒಮ್ಮೆ ಮುಟ್ಟಬೇಕು.”

ಮಾಸ್ತರರ ಮನಸ್ಸು ಒಂದು ಕ್ಷಣ ಕರಗಿತು. ಅವರೂ ಹಿಮ ಮುಟ್ಟಿದವರಲ್ಲ. ಆದರೆ ಕೂಡಲೇ ಗೋಕಾಕ ಫಾಲ್ಸಿನ ಫೋಟೋ ಕಣ್ಣ ಮುಂದೆ ಬಂದಿತು. ಹೋಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ನೀರು ಕುಡಿಯುತ್ತಿದ್ದಾಗ ಅವರಿಗೊಂದು ಉಪಾಯ ಹೊಳೆಯಿತು. ಏರಿದ್ದನ್ನು ನೋಡಿ ಇವರು ಬರುತ್ತಾರೆ ಎಂದಾದರೆ, ಇಳಿಯುವುದನ್ನು ನೋಡಿ ಬಿಡಲೂಬಹುದು. ಹೆಂಡತಿ ತನ್ನ ಕೈಚಳಕವನ್ನು ಆಗಲೇ ನೋಡಿದ್ದಾಳೆ, ಅವಳಿಗೆ ಮನೆಗೆ ಹೋದ ಮೇಲೆ ವಿವರಿಸಿದರಾಯಿತು ಎಂದುಕೊಂಡರು.

ಕಾಶಿಂಬಿ ತಂಗಿಯನ್ನು ಕಂಡು ಬರಬೇಕಾದ್ದರಿಂದ ಉಗರಗೋಳದ ಕಡೆಗೆ ಇಳಿಯತೊಡಗಿದರು. ಮಾಸ್ತರರು ಮೊದಲು ಕಾರನ್ನು ಎರಡು ಸಲ ಕುಲುಕಾಡಿಸಿದರು. ಆಮೇಲೆ ತಿರುವಿನಲ್ಲಿ ಪೂರ್ತಿ ಹಿಂದೆ ಹೊರಳಿ ಇಂದ್ರವ್ವನಿಗೆ ಹೋಳಿಗೆ ಬಹಳ ಚೆನ್ನಾಗಿತ್ತೆಂದು ಹೇಳಿದರು. ಇಂದ್ರವ್ವ ಮುಂದೆ ನೋಡಿರೆಂದು ಬೇಡಿಕೊಂಡಳು. ಮಾಸ್ತರರು ಮುಂದೆ ನೋಡಿ, ರಸ್ತೆಯ ಅಂಚಿಗೆ ಗಾಲಿ ತಾಗಿಸಿ, ಬ್ರೇಕು ಯಾವುದು ಎಂದು ಹೆಂಡತಿಯನ್ನು ಕೇಳಿದರು. ಹಿಂದೆ ಮೂವರೂ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡರು. ಕೆಲಸ ಕೂಡಿಬರುತ್ತಿದೆ ಎಂಬ ಹುರುಪಿನಲ್ಲಿ ಮಾಸ್ತರರು ಕೊನೆಯ ಇಳಿಜಾರಿನಲ್ಲಿ ಗಕ್ಕನೆ ಬ್ರೇಕು ಒತ್ತಿಬಿಟ್ಟರು.

ಸುಂದರವ್ವನ ಪಡ್ಡಲಗಿ ಮುಗುಚಿತು. ಭಂಡಾರವೆಲ್ಲ ಹಳದಿ ಮೋಡವಾಗಿ ಎದ್ದು ಕಾರು ತುಂಬಿತು. ಮಾಸ್ತರರ ಎರಡೂ ಕಣ್ಣಿಗೆ ಹಿಡಿ ಹಿಡಿ ಅರಿಶಿನ ಹೊಕ್ಕಿತು. ಅಲ್ಲಿಯವರೆಗೆ ನಾಟಕವಾಗಿದ್ದದ್ದು ಅಲ್ಲಿಂದ ಮುಂದೆ ನಿಜವಾಯಿತು. ಕಣ್ಣು ಉಜ್ಜಿಕೊಳ್ಳುವ ಗಡಿಬಿಡಿಯಲ್ಲಿ ಕಾಲು ಜಾರಿ, ಬ್ರೇಕು ಯಾವುದು ಎಂಬುದು ಅವರಿಗೆ ಖರೇನೇ ತಿಳಿಯಲಿಲ್ಲ. ಕಾರು ರಸ್ತೆ ಬಿಟ್ಟು, ತಗ್ಗು ಹಾರಿ, ಯಾರದೋ ಹೊಲದ ಕಣಿಕೆಯ ಬಣವೆಯೊಳಗೆ ಮೂಗು ತೂರಿಸಿ ನಿಂತಿತು.

ಯಾರಿಗೂ ಗಾಯವಾಗಲಿಲ್ಲ, ತಾಯಿ ದೊಡ್ಡವಳು. ಆದರೆ ಕಾರಿನಿಂದ ಇಳಿದ ಐವರೂ ತಲೆಯಿಂದ ಕಾಲಿನವರೆಗೆ ಹಳದಿಯಾಗಿದ್ದರು. ಕಾಶಿಂಬಿಯ ಗುರುತು ಹಿಡಿಯಲು, ಸುದ್ದಿ ಕೇಳಿ ಉಗರಗೋಳದಿಂದ ಓಡಿಬಂದ ಅವಳ ತಂಗಿಗೆ ಸ್ವಲ್ಪ ಹೊತ್ತು ಬೇಕಾಯಿತು. ಸುಂದರವ್ವ ಸೆರಗು ಝಾಡಿಸಿಕೊಂಡು, ಮಾಸ್ತರರ ಗಾಡಿಯಲ್ಲಿ ಹಿಮಾಲಯಕ್ಕಲ್ಲ, ಹಿತ್ತಲಿಗೂ ಬರುವುದಿಲ್ಲವೆಂದು ಯಲ್ಲಮ್ಮನ ಮೇಲೆ ಆಣೆ ಇಟ್ಟರು. ಇಂದ್ರವ್ವ ಅದಕ್ಕೆ ತನ್ನ ಆಣೆಯನ್ನೂ ಕೂಡಿಸಿದಳು. ಮಾಸ್ತರರು ತಲೆ ತಗ್ಗಿಸಿ ನಿಂತರು, ನಗು ಯಾರಿಗೂ ಕಾಣದಿರಲೆಂದು.

ಕಾಶಿಂಬಿ ಫೋನು ಮಾಡಿದ ಮೇಲೆ ತೌಹೀದ ಬೀಗರನ್ನು ರಾತ್ರಿಯ ವಸ್ತಿಗೆ ಗುಡ್ಡದ ಮೇಲೆ ಇಳಿಸಿ ಟೆಂಪೋ ತಂದ. ಹಗ್ಗ ಕಟ್ಟಿ ಮಾಸ್ತರರ ಕಾರನ್ನು ಬಣವೆಯಿಂದ ಎಳೆದು ಕೊಟ್ಟ. ಹೆಂಗಸರೆಲ್ಲ ಟೆಂಪೋ ಹತ್ತಿದರು, ಶೈಲಜಾಳೂ ಹತ್ತಿದಳು. ಮಾಸ್ತರರು ಒಬ್ಬರೇ ಅರಿಶಿನದ ಕಾರಿನಲ್ಲಿ, ಹಿಂದಿನ ಸೀಟು ಖಾಲಿ ಇಟ್ಟುಕೊಂಡು, ಶಿಳ್ಳೆ ಹಾಕುತ್ತ ಬೈಲಹೊಂಗಲ ಮುಟ್ಟಿದರು.

ಸಂಜೆ ಶೈಲಜಾ ತಲೆ ತೊಳೆದುಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. ಮಾಸ್ತರರು ಹೋಗಿ ಪಕ್ಕದಲ್ಲಿ ಕುಳಿತು, ಏರುವಾಗ ಕಣ್ಣು ಮುಚ್ಚಿದ್ದಳೇನು ಎಂದು ಕೇಳಿದರು.

“ಇಲ್ಲ. ಮ್ಯಾಲ ಮುಟ್ಟಿದಾಗ ನಿಮ್ಮ ಜೋಡಿ ಹೋಗೂದಂತ ಮನಸಿನ್ಯಾಗ ಗಟ್ಟಿ ಮಾಡಿದ್ನಿ,” ಎಂದಳು. “ಇಳ್ಯೂವಾಗ ಮುಚ್ಚಿದ ಕಣ್ಣ ಟೆಂಪೋದಾಗ ಕುಂತ ಮ್ಯಾಲ ತಗದೆ.”

ಮಾಸ್ತರರು ನಕ್ಕು, ಆಚೆ ಈಚೆ ನೋಡಿ, ಗುಟ್ಟು ಹೇಳಿದರು. ಅದೆಲ್ಲ ಬೇಕಂತಲೇ ಮಾಡಿದ್ದು, ನೆರೆಯವರು ಬೆನ್ನು ಹತ್ತಬಾರದೆಂದು, ನಾವಿಬ್ಬರೇ ಹೋಗಬೇಕೆಂದು.

ಶೈಲಜಾ ಒದ್ದೆ ಕೂದಲು ಒರೆಸುವುದನ್ನು ನಿಲ್ಲಿಸಿ ಟವೆಲನ್ನು ಮಡಚಿ ಬದಿಗಿಟ್ಟಳು. ಮಾಸ್ತರರಿಗೆ ಅದು ಸರಿ ಕಾಣಲಿಲ್ಲ.

“ಹೊಡ್ಯಾಕ ಬರದ ಹಂಗಾತು ಅಂದ್ರ ಅದು ಬ್ಯಾರೆ,” ಎಂದಳು. “ಮೂರ ಮಂದಿ ಹೆಣ್ಣಮಕ್ಕಳನ ಹಿಂದ ಕುಂದರಿಸಿಕೊಂಡ ಬೇಕಂತ ಮಾಡೀರಿ ಅಂದ್ರ, ನಡೀರಿ, ಸುಂದರವ್ವಾರ ಮುಂದ ನೀವ ಹೇಳ್ರಿ. ಹೊರಗ ಕಟ್ಟಿಮ್ಯಾಗ ಮೂವರೂ ಕುಂತಾರ.”

ಮಾಸ್ತರರು ಕಿಟಕಿಯಿಂದ ಇಣುಕಿದರು. ಮೂವರೂ ಕುಳಿತಿದ್ದರು. ಸುಂದರವ್ವನ ಕೈಯಲ್ಲಿ ಬೆಳಗಿನ ಕಸಬರಿಗೆ ಇತ್ತು.

“ಬೇಕಂತ ಅಲ್ಲ ಮಾರಾಯ್ತಿ,” ಎಂದರು ಗಡಬಡಿಸಿ. “ನನಗ ಗಾಡಿ ಹೊಡ್ಯಾಕ ಬರೂದುಲ್ಲ. ಖರೇನ ಬರೂದುಲ್ಲ.”

“ನೀವ ಒಪ್ಪಿಕೊಂಡ್ರಿ, ಚಲೋ ಆತು,” ಎಂದು ಶೈಲಜಾ ಎದ್ದು ಬಾಗಿಲು ತೆರೆದಳು. ಬರುವಾಗ ಟೆಂಪೋದಲ್ಲೇ ಎಲ್ಲ ಮಾತುಕತೆ ಮುಗಿದಿತ್ತು. ಸೇಬಿನ ಲಾರಿ ಹೊಡೆಯುತ್ತಿದ್ದಾಗ ತೌಹೀದನಿಗೆ ಆ ಕಡೆಯ ಘಾಟುಗಳೆಲ್ಲ ತನ್ನ ಓಣಿಯಷ್ಟೇ ಪರಿಚಯವಾಗಿದ್ದವು. ದಸರೆಗೆ ಅವನ ಗಾಡಿಯಲ್ಲೇ ಬೈಲಹೊಂಗಲದಿಂದ ಮನಾಲಿಗೆ ಓಣಿಯ ಹೆಂಗಸರೆಲ್ಲ ಹೊರಡುವುದು, ಅವರ ಜೊತೆ ಶೈಲಜಾಳೂ ಹೊರಡುವುದು ಎಂದು ನಿಶ್ಚಯವಾಗಿತ್ತು. ಟ್ರಾವೆಲ್ಸ್‌ನವನಿಗೂ ಫೋನು ಹೋಗಿತ್ತು. ಕಿಟಕಿ ತೆರೆದರೆ ಹಿಮ ಕಾಣುವ ಖೋಲಿ ಸುಂದರವ್ವನಿಗೆ.

ಸುಂದರವ್ವ ಒಳಗೆ ಬಂದು ಮೂರು ಮನೆಯ ಕೀಲಿಗೊಂಚಲನ್ನು ಮಾಸ್ತರರ ಕೈಗಿಟ್ಟರು. ಮುಂಜಾನೆ ಸಂಜೆ ತಮ್ಮ ಎಮ್ಮೆಗೆ ಮೇವು ಹಾಕಬೇಕು, ಇಂದ್ರವ್ವನ ತುಳಸಿಗೆ ನೀರು ಹಾಕಬೇಕು, ಕಾಶಿಂಬಿಯ ಕೋಳಿಗಳನ್ನು ಬುಟ್ಟಿಯಡಿ ಮುಚ್ಚಬೇಕು ಎಂದು ತಿಳಿಸಿ ಹೇಳಿದರು. ಮಾಸ್ತರರ ಕಣ್ಣಲ್ಲಿ ನೀರು ಬಂದಿತು. ಅರಿಶಿನ ಇನ್ನೂ ಹೋಗಿಲ್ಲವೆಂದು ಎಲ್ಲರೂ ತಿಳಿದುಕೊಂಡರು.

ಅಷ್ಟರಲ್ಲಿ ಹೊರಗಿನಿಂದ ತೌಹೀದ, ಎಷ್ಟು ಎಣಿಸಿದರೂ ಒಂದು ಸೀಟು ಉಳಿಯುತ್ತದೆ ಎಂದು ಕೂಗಿ ಹೇಳಿದ. ಮಾಸ್ತರರಿಗೆ ಹೋದ ಜೀವ ಬಂದಂತಾಯಿತು.

“ಸುಂದರವ್ವಾರ,” ಎಂದರು ಅವರು ಆದಷ್ಟು ಮೆತ್ತಗೆ, “ಗಾಡ್ಯಾಗ ಜಾಗಾ ಖಾಲಿ ಒಯ್ಯಬಾರದು ಅಂತೀರಲ್ಲ.”

“ಖಾಲಿ ಯಾಕ ಒಯ್ತೇವ್ರಿ ಮಾಸ್ತರ,” ಎಂದರು ಸುಂದರವ್ವ. “ಆ ಸೀಟಿನ ಮ್ಯಾಲ ಇಂದ್ರವ್ವನ ರೊಟ್ಟಿ ಡಬ್ಬಿ ಇಟ್ಟ ಬೆಲ್ಟ ಹಾಕತೇವಿ. ಘಾಟಿನ ದಾರಿ ನೋಡ್ರಿ, ಗಾಡಿ ಟಾಪಿನ ಮ್ಯಾಲ ಕಟ್ಟಿದ್ರ ರೊಟ್ಟಿ ಮುರದ ಹೋಗತಾವ.”