ಲಿವರ್‌ವರ್ಟ್, ಒರಾಂಗುಟಾನ್ ಮತ್ತು ಇಳಕಲ್ ಬಸ್ಸು

ಜಗಳವಾಡಲು ಎದುರಿಗೆ ಯಾರೂ ಇಲ್ಲದ ಮನೆಯಲ್ಲಿ ಊಟ ರುಚಿಸುವುದಿಲ್ಲ ಎಂಬುದು ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು. ನಾನು ಬಾದಾಮಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಹೆಂಡತಿ ಸುಮಂಗಲಾ ಪ್ರಾಣಿಶಾಸ್ತ್ರದವಳು. ಮದುವೆಯಾದಾಗಿನಿಂದ ನಮ್ಮದು ಒಂದೇ ಜಗಳ. ನನ್ನ ಪ್ರೀತಿಯ ಜೀವ ಲಿವರ್‌ವರ್ಟ್. ಒದ್ದೆ ಕಲ್ಲಿಗೆ ಅಂಟಿಕೊಂಡು ಬೆಳೆಯುವ, ಹೂವಿಲ್ಲದ, ನಿಜವಾದ ಬೇರೂ ಇಲ್ಲದ ಪುಟ್ಟ ಹಸಿರು ಸಸ್ಯ. ಜನ ಅದನ್ನು ಪಾಚಿ ಎನ್ನುತ್ತಾರೆ, ನನಗೆ ಸಿಟ್ಟು ಬರುತ್ತದೆ. ಅವಳದು ಒರಾಂಗುಟಾನ್. ದಿನಾ ಸಂಜೆ ಮರದ ಮೇಲೆ ಹೊಸ ಹಾಸಿಗೆ ಹೆಣೆದುಕೊಳ್ಳುವ, ಮಳೆ ಬಂದರೆ ತಲೆಗೆ ಎಲೆ ಹಿಡಿಯುವ ಕೆಂಗೂದಲಿನ ದೊಡ್ಡ ವಾನರ. ಎರಡರಲ್ಲಿ ಯಾವುದು ಹೆಚ್ಚು ಎಂಬ ಚರ್ಚೆ ಚಹಾದೊಂದಿಗೆ ಶುರುವಾಗಿ, ಒಲೆಯ ಮೇಲಿನ ಪಲ್ಯ ಸೀಯುವವರೆಗೆ ನಡೆಯುತ್ತಿತ್ತು.

ಕಳೆದ ವರ್ಷ ಅವಳಿಗೆ ಇಳಕಲ್ಲಿನ ಕಾಲೇಜಿಗೆ ವರ್ಗವಾಯಿತು. ಅಲ್ಲೇ ಒಂದು ಬಾಡಿಗೆ ಖೋಲಿ ಹಿಡಿದಳು. ಶನಿವಾರ ಸಂಜೆ ಬರುತ್ತಾಳೆ, ಸೋಮವಾರ ಬೆಳಿಗ್ಗೆ ಹೋಗುತ್ತಾಳೆ. ನಡುವಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಪಲ್ಯ ಸೀಯುವುದಿಲ್ಲ. ಅದೇ ತೊಂದರೆ. ಮರೆತು ಇಬ್ಬರಿಗೆ ಚಹಾ ಮಾಡುತ್ತೇನೆ, ಎರಡೂ ಕಪ್ಪು ನಾನೇ ಕುಡಿಯುತ್ತೇನೆ. ಒಮ್ಮೆ ಫೋನಿನಲ್ಲಿ, “ಮನಿ ಭಾಳ ದೊಡ್ಡದಾಗೇದ” ಎಂದೆ.

“ಗೋಡಿ ಸರದಾವೇನ್ರಿ?” ಎಂದಳು.

ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವವನು ಮನೆಯ ಮಾತಿಗೆ ಬಂದರೆ ತಡವರಿಸುತ್ತೇನೆ.

ಮೊನ್ನೆ ಭಾನುವಾರ ಒಳ್ಳೆಯ ಮಳೆಯಾಯಿತು. ಬಚ್ಚಲ ಹಿಂದಿನ ಕಲ್ಲುಗೋಡೆಯಲ್ಲಿ ಬೇಸಿಗೆಯಿಡೀ ಒಣಗಿ ಮುದುಡಿದ್ದ ಲಿವರ್‌ವರ್ಟ್ ಮತ್ತೆ ಹಸಿರಾಗಿತ್ತು. ಅವಳನ್ನು ಕರೆದು ತೋರಿಸಿದೆ.

“ನೋಡು, ಎಷ್ಟ ದಿನಾ ಕಾಯ್ತು. ಯಾರಿಗೂ ಒಂದ ಮಾತ ಅನ್ನಲಿಲ್ಲ. ನಿನ್ನ ಒರಾಂಗುಟಾನಿಗೆ ಇಷ್ಟ ತಾಳ್ಮಿ ಅದೇನು?”

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಗ್ಗಿ ಗೋಡೆಯನ್ನು ನೋಡಿದಳು.

“ಗಂಡು ಒರಾಂಗುಟಾನೂ ಒಂಟಿಯಾಗೇ ಇರ್ತದರಿ. ಆದ್ರ ಅದು ಕೂಗ್ತದ. ಅಡವ್ಯಾಗ ಭಾಳ ದೂರದ ತನಕ ಕೇಳಸ್ತದ. ನಿಮ್ಮ ಪಾಚಿ ಹಸರಾತು, ಛಲೋ ಆತು. ಆದ್ರ ಅದು ತನ್ನ ದಾರಿ ಕಾಯಾಕತ್ತೇದ ಅಂತ ಮಳಿಗೆ ಹೆಂಗ ಗೊತ್ತಾಗಬೇಕು?”

ಪಾಚಿ ಎಂದದ್ದಕ್ಕೂ ನನಗೆ ಆ ದಿನ ಸಿಟ್ಟು ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಬಸ್ಸು ಹೊರಟು ಗೇಟಿನ ಹತ್ತಿರ ಹೋಗುವಷ್ಟರಲ್ಲಿ, “ಸುಮಾ” ಎಂದು ಯಾರೋ ಜೋರಾಗಿ ಕೂಗಿದರು. ಎಲ್ಲರೂ ನನ್ನತ್ತ ತಿರುಗಿದಾಗಲೇ ಕೂಗಿದವನು ನಾನೆಂದು ತಿಳಿದದ್ದು. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ.

“ಬಸ್ಸಿನ್ಯಾಗ ಏನ್ ಬಿಟ್ಟೀರ್ರಿ ಸರ್?” ಎಂದು ಬಾಗಿಲಲ್ಲಿ ನಿಂತು ಕೇಳಿದ.

ಓಡಿ ಹೋಗಿ ಅವಳ ಕಿಟಕಿಯ ಕೆಳಗೆ ನಿಂತೆ. ನೀನಿಲ್ಲದೆ ಆ ಮನೆಯಲ್ಲಿ ಇರಲಾಗುತ್ತಿಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವಳು ಕಿಟಕಿಗೆ ಮುಖವಿಟ್ಟು ಕಾಯುತ್ತಿದ್ದಳು. ಇಡೀ ಬಸ್ಸೂ ಕಾಯುತ್ತಿತ್ತು. ಹಿಂದಿನ ಸೀಟಿನಲ್ಲಿ ನನ್ನದೇ ಇಬ್ಬರು ವಿದ್ಯಾರ್ಥಿನಿಯರಿದ್ದರು.

“ಛತ್ರಿ ತಗೊಂಡಿಯೇನು?” ಎಂದೆ.

ಅವಳು ನನ್ನನ್ನೇ ನೋಡುತ್ತ ಛತ್ರಿಯನ್ನು ಎತ್ತಿ ತೋರಿಸಿದಳು. ನಗುತ್ತಿದ್ದಳು, ಕಣ್ಣು ಮಾತ್ರ ಒದ್ದೆಯಾಗಿದ್ದಂತೆ ಕಂಡಿತು. ಬಸ್ಸು ಹೋಯಿತು.

ಆ ಛತ್ರಿಯನ್ನು ಮನೆಯಿಂದ ಹಿಡಿದುಕೊಂಡು ಬಂದು, ಎರಡು ನಿಮಿಷದ ಹಿಂದಷ್ಟೇ ಅವಳ ಕೈಗೆ ಕೊಟ್ಟವನು ನಾನೇ.